ಪರಿಹಾರ ಕೊಡಲ್ಲ ಅಂದ್ರೆ ಮುಂದೇನು?

(2024ರ ಮೇ ತಿಂಗಳಲ್ಲಿ ಗದ್ವಾಲದಲ್ಲಿ ಗಡಿ ಭಾಗದ ಕನ್ನಡ ಯುವಕರ ಮುಂದೆ ಆಡಿದ ಮಾತು)

ನಾವು ಗಡಿ ಕನ್ನಡಿಗರು ಸೇರಿದಾಗ ಶಾಲೆ, ಟೀಚರ್ ಪೋಸ್ಟು, ಪಠ್ಯಪುಸ್ತಕದ ಮಾತು ಬಂದೇ ಬರುತ್ತೆ. ಬರಲಿ, ಬೇಕು. ಇವತ್ತು ನಾನು ಬೇರೆ ವಿಷಯ ಹಿಡಿದು ಬಂದೀನಿ. ಗುಳೆ ಹೋಗೋದು ನಮಗೆ ಹೊಸದಲ್ಲ. ಪಾಲಮೂರು ಲೇಬರ್ ಅಂತ ಹೆಸರೇ ಬಿದ್ದಿದೆ. ಮುಂಬೈ, ಪುಣೆ, ಬೆಂಗಳೂರಿಗೆ ಹೋಗ್ತಾರೆ. ಗದ್ವಾಲ್ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಈಗಲೂ ಅಲ್ಲಿನ ಮಿಲ್ಲುಗಳಿಗೆ ನಮ್ಮವರು ಹೋಗ್ತಾರೆ. ಅಲ್ಲಿ ಕೈ ಹೋದರೆ, ಕಾಲು ಮುರಿದರೆ ಮೇಸ್ತ್ರಿ ಆಸ್ಪತ್ರೆ ಬಿಲ್ಲು ಕಟ್ಟಿ ಬಸ್ ಹತ್ತಿಸ್ತಾನೆ. ಪರಿಹಾರ ಕೇಳಿದ್ರೆ "ಆಗಲ್ಲ, ಇನ್ಶೂರೆನ್ಸ್‌ನವರು ರಿಜೆಕ್ಟ್ ಮಾಡ್ಯಾರ" ಅಂತಾನೆ. ಮನೆಯವರು ಅದೇ ತೀರ್ಪು ಅಂತ ತಿಳಿದು ಸುಮ್ಮನಾಗ್ತಾರೆ.

ನೋಡ್ರಿ, ಮಾಲೀಕ ಆಗಲಿ ಇನ್ಶೂರೆನ್ಸ್ ಕಂಪನಿ ಆಗಲಿ ಎದುರು ಪಾರ್ಟಿ. ಎದುರು ಪಾರ್ಟಿ ತೀರ್ಪು ಕೊಡೋಕೆ ಬರಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ತೀರ್ಪು ಕೊಡೋದು ಕಮಿಷನರ್. ನಮ್ಮ ತೆಲಂಗಾಣದಲ್ಲಿ ಕಾರ್ಮಿಕ ಇಲಾಖೆಯ ಅಸಿಸ್ಟೆಂಟ್ ಕಮಿಷನರ್, ಡೆಪ್ಯುಟಿ ಕಮಿಷನರ್ ಈ ಕೆಲಸ ನೋಡ್ತಾರೆ. ಅಪಘಾತ ಪುಣೆಯಲ್ಲಿ ಆದರೆ ಕೇಸಿಗೆ ಪುಣೆಗೇ ಓಡಾಡಬೇಕಾ? ಬೇಡ. 1995ರ ತಿದ್ದುಪಡಿ ಆದ ಮೇಲೆ, ಕೇಳುವವರು ಎಲ್ಲಿ ವಾಸ ಇದ್ದಾರೋ ಆ ಪ್ರದೇಶದ ಕಮಿಷನರ್ ಮುಂದೆ ಅರ್ಜಿ ಹಾಕಬಹುದು. ಇದೊಂದು ಗೊತ್ತಿಲ್ಲದೆ ಎಷ್ಟೋ ಮನೆ ಕೈಬಿಟ್ಟಿವೆ. ಅವಧಿ ಅಪಘಾತದಿಂದ 2 ವರ್ಷ. ದಾಟಿದ್ರೂ ತಕ್ಕ ಕಾರಣ ತೋರಿಸಿ ಕೇಳಬಹುದು. ಇಎಸ್‌ಐ ಇರೋ ಕೆಲಸಗಾರರ ದಾರಿ ಮಾತ್ರ ಬೇರೆ, ಅವರು ಇಎಸ್‌ಐ ಆಫೀಸಿಗೇ ಹೋಗಬೇಕು.

"ಇವನು ನಮ್ಮ ಕೆಲಸಗಾರನೇ ಅಲ್ಲ" ಅನ್ನೋದು ಮೊದಲ ನೆಪ. ಮೇಸ್ತ್ರಿ ಕೈಕೆಳಗೆ ದುಡಿದಿದ್ರೂ, ಆ ಕೆಲಸ ಕಂಪನಿಯ ದಂಧೆಯ ಭಾಗ ಆಗಿದ್ರೆ ಕಂಪನಿಯೇ ಹೊಣೆ. 12ನೇ ಸೆಕ್ಷನ್ ಹಂಗೇ ಹೇಳುತ್ತೆ. ಸಾಕ್ಷಿ ಎಲ್ಲಿಂದ ತರೋದು? ನಾನು ಬ್ಯಾಂಕ್ ಕೌಂಟರಿನಲ್ಲಿ ಕೂರೋನು, ಅದಕ್ಕೇ ಹೇಳ್ತೀನಿ: ಮೇಸ್ತ್ರಿ ಫೋನ್‌ಪೇದಾಗ ಹಾಕಿದ ಪ್ರತಿ ರೂಪಾಯಿ ಸ್ಟೇಟ್‌ಮೆಂಟಿನಲ್ಲಿ ಇರುತ್ತೆ. ಬ್ಯಾಂಕಿನವರು ಸೀಲು, ಸಹಿ ಹಾಕಿ ದೃಢೀಕರಿಸಿದ ಸ್ಟೇಟ್‌ಮೆಂಟ್ ಕೋರ್ಟಿನಲ್ಲಿ ಸಾಕ್ಷಿ. ಕೆಲಸದ ವಾಟ್ಸಾಪ್ ಗ್ರೂಪು, ಸೈಟಿನ ಫೋಟೋ ಅಳಿಸಬೇಡಿ. ಮೊದಲ ದಿನ ಆಸ್ಪತ್ರೆಯಲ್ಲಿ "ಮನೆಯಲ್ಲಿ ಜಾರಿ ಬಿದ್ದ" ಅಂತ ಬರೆಸೋಕೆ ನೋಡ್ತಾರೆ, ಒಪ್ಪಬೇಡಿ.

ಎರಡನೇದು "ಕುಡಿದಿದ್ದ". ಸಾವು ಆದ್ರೆ, ಪೂರ್ತಿ ಶಾಶ್ವತ ಅಂಗವೈಕಲ್ಯ ಆದ್ರೆ ಈ ನೆಪ ನಡೆಯೋದೇ ಇಲ್ಲ. ಮೂರನೇದು "ಸೆಟಲ್ ಆಗೇತಿ, ಹೆಬ್ಬೆಟ್ಟು ಒತ್ತ್ಯಾನ". ಹಕ್ಕು ಬಿಟ್ಟುಕೊಟ್ಟೆ ಅನ್ನೋ ಕಾಗದಕ್ಕೆ 17ನೇ ಸೆಕ್ಷನ್ ಪ್ರಕಾರ ಬೆಲೆ ಇಲ್ಲ. ಸತ್ತವರ ಪರಿಹಾರವನ್ನಂತೂ ಕಮಿಷನರ್ ಹತ್ತಿರವೇ ಠೇವಣಿ ಇಡಬೇಕು. ಮನೆಯವರ ಕೈಗೆ ಕೊಟ್ಟಿದ್ದರಲ್ಲಿ ಹೆಚ್ಚೆಂದರೆ 3 ತಿಂಗಳ ಸಂಬಳದಷ್ಟು ಕಳೀಬಹುದು.

ಈಗ ಲೆಕ್ಕ. 30 ವರ್ಷದವನು, ತಿಂಗಳಿಗೆ 15,000 ಸಂಬಳ. 2020ರಿಂದ ಲೆಕ್ಕಕ್ಕೆ ಹಿಡಿಯೋ ಗರಿಷ್ಠ ಸಂಬಳ ಇಷ್ಟೇ. ಪೂರ್ತಿ ಅಂಗವೈಕಲ್ಯಕ್ಕೆ ಅದರ 60 ಪರ್ಸೆಂಟ್ ಅಂದ್ರೆ 9,000. ಅದನ್ನ ಆ ವಯಸ್ಸಿನ ಗುಣಕ 207.98ರಿಂದ ಗುಣಿಸಿ: 18,71,820 ರೂಪಾಯಿ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಒಂದು ಕೈಯ ನಾಲ್ಕು ಬೆರಳು ಹೋದ್ರೆ ಕಾಯ್ದೆಯ ಪಟ್ಟಿ ಪ್ರಕಾರ 50 ಪರ್ಸೆಂಟ್, ಅಂದ್ರೆ 9,35,910. ಒಂದು ತಿಂಗಳೊಳಗೆ ಕೊಡದಿದ್ರೆ 12 ಪರ್ಸೆಂಟ್ ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದ್ರೆ 50 ಪರ್ಸೆಂಟ್‌ವರೆಗೆ ದಂಡ. ಮೇಸ್ತ್ರಿ ಕೊಡೋ ನಲವತ್ತು ಸಾವಿರಕ್ಕೂ ಇದಕ್ಕೂ ಎಷ್ಟು ದೂರ ನೋಡ್ರಿ.

ಪಟ್ಟಿಯ ಪರ್ಸೆಂಟೇ ಕೊನೆ ಮಾತೂ ಅಲ್ಲ. 1968ರಲ್ಲಿ ಒಬ್ಬ ಬಡಗಿ ಸಿನಿಮಾ ಹಾಲಿನ ಕೆಲಸದಲ್ಲಿ ಬಿದ್ದು, ಅವನ ಎಡಗೈಯನ್ನ ಮೊಣಕೈ ಮೇಲಿಂದ ಕತ್ತರಿಸಬೇಕಾಯ್ತು. ಪೂರ್ತಿ ಅಂಗವೈಕಲ್ಯ ಅಲ್ಲ ಅಂತ ಮಾಲೀಕ ಸುಪ್ರೀಂ ಕೋರ್ಟಿನವರೆಗೂ ಹೋದ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ, ಆದ್ದರಿಂದ ಗಳಿಕೆ ಪೂರ್ತಿ ಹೋದಂಗೇ ಅಂತ 1975ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು. ಬಡ್ಡಿ, ದಂಡ ಎರಡನ್ನೂ ಎತ್ತಿ ಹಿಡಿಯಿತು. ಅದಕ್ಕೇ ಡಾಕ್ಟರ್ ಸರ್ಟಿಫಿಕೇಟಿನಲ್ಲಿ ಎಷ್ಟು ಪರ್ಸೆಂಟ್ ಅನ್ನೋದರ ಜೊತೆ ಯಾವ ಕೆಲಸ ಮಾಡೋಕೆ ಆಗಲ್ಲ ಅಂತನೂ ಬರೆಸಬೇಕು.

ಕಮಿಷನರೇ ಅರ್ಜಿ ತಳ್ಳಿಹಾಕಿದ್ರೆ? 30ನೇ ಸೆಕ್ಷನ್ ಪ್ರಕಾರ 60 ದಿನದೊಳಗೆ ಹೈಕೋರ್ಟಿಗೆ ಅಪೀಲು. ಆದರೆ ಅಲ್ಲಿ ಕಾನೂನಿನ ಗಟ್ಟಿ ಪ್ರಶ್ನೆ ಇರಬೇಕು. "ಸಾಕ್ಷಿ ಮತ್ತೊಮ್ಮೆ ನೋಡಿ" ಅಂದ್ರೆ ಸಾಮಾನ್ಯವಾಗಿ ಕೇಳಲ್ಲ. ಹಾಗಾಗಿ ಕೇಸು ಗೆಲ್ಲೋದು, ಸೋಲೋದು ಬಹುಪಾಲು ಕಮಿಷನರ್ ಮುಂದೆಯೇ. ಡಾಕ್ಟರನ್ನ ಅಲ್ಲಿಗೇ ಕರೆಸಿ ಹೇಳಿಕೆ ಕೊಡಿಸಿ. ಮಾಲೀಕ ಅಪೀಲು ಹೋಗಬೇಕಾದ್ರೆ ಪರಿಹಾರದ ಹಣ ಮೊದಲು ಠೇವಣಿ ಇಡಬೇಕು. ನಮಗೆ ಆ ಕಟ್ಟು ಇಲ್ಲ. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳು, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ. ಫೋನ್ 15100.

ಕೊನೆಗೆ ನಮ್ಮ ಭಾಷೆ ವಿಷಯ. 2017ರಲ್ಲಿ ಸೇರಿಸಿದ 17ಎ ಸೆಕ್ಷನ್ ಪ್ರಕಾರ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಈ ಹಕ್ಕನ್ನ ಕೆಲಸಗಾರನಿಗೆ ಅರ್ಥ ಆಗೋ ಹಂಗೆ ಇಂಗ್ಲಿಷ್, ಹಿಂದಿ ಅಥವಾ ಆ ಜಾಗದ ಅಧಿಕೃತ ಭಾಷೆಯಲ್ಲಿ ಬರೆದು ತಿಳಿಸಬೇಕು. ರಾಯಚೂರಿನ ಮಿಲ್ಲಿನಲ್ಲಿ ಅದು ಕನ್ನಡ. ಮುಂಬೈಯಲ್ಲಿ ಮರಾಠಿ, ಮಕ್ತಲ್ ಹಳ್ಳಿಯ ನಮ್ಮ ಹುಡುಗ ಅಲ್ಲಿ ಯಾವುದನ್ನ ಓದಬೇಕು? ಆದರೆ ಸಂವಿಧಾನದ 350ನೇ ವಿಧಿ ಇದೆ. ಕುಂದುಕೊರತೆಯ ಮನವಿಯನ್ನ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಕೊಡಬಹುದು. ಆಗಿದ್ದನ್ನ ಮೊದಲು ಕನ್ನಡದಲ್ಲೇ, ಪೆಟ್ಟಾದವರ ಬಾಯಿಂದ ಬಂದಂಗೆ ಬರೆಯಿರಿ. ಜೊತೆಗೆ ತೆಲುಗು ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಿ, ಇಲ್ಲಾಂದ್ರೆ ಫೈಲು ಟೇಬಲ್ ಮೇಲೇ ಕೂರುತ್ತೆ. ಇಲ್ಲಿ ಡಿಗ್ರಿ ಮಾಡಿದವರು ಬಹಳ ಜನ ಇದ್ದೀರಿ. ನಿಮ್ಮೂರಲ್ಲಿ ಗುಳೆ ಹೋಗಿ ಪೆಟ್ಟಾಗಿ ಬಂದವರ ಮನೆಗೆ ಈ ವಾರ ಹೋಗಿ, ಅಪಘಾತದ ತಾರೀಖು ಕೇಳಿ. 2 ವರ್ಷ ಇನ್ನೂ ಆಗಿಲ್ಲ ಅಂದ್ರೆ ಪಾಸ್‌ಬುಕ್ ಎತ್ತಿಕೊಂಡು ಜೊತೆಗೆ ಕರೆದುಕೊಂಡು ಬನ್ನಿ.