ಪಾತ್ರನಟ ಕ್ಲಾಡ್ ರೇನ್ಸ್

ನಾಟಕವಾಗಲಿ ಸಿನಿಮಾವಾಗಲಿ, ಆಟ ಮುಗಿಸಿ ಮನೆಗೆ ಮರಳುವವರ ಬಾಯಲ್ಲಿ ಮೊದಲು ಬರುವುದು ನಾಯಕನ ಹೆಸರು, ಆಮೇಲೆ ನಾಯಕಿಯದು. ನಾಯಕನನ್ನು ಕಾಡಿದವನು, ಅವನಿಗೆ ಬುದ್ಧಿ ಹೇಳಿದವನು, ಹಣಕ್ಕಾಗಿ ಅವನನ್ನು ಹಿಡಿದುಕೊಟ್ಟವನು, ಇವರೆಲ್ಲರ ವೇಷ ನೆನಪಿರುತ್ತದೆ, ಹೆಸರು ನೆನಪಿರುವುದಿಲ್ಲ. ಬಾಳಿನುದ್ದಕ್ಕೂ ಇಂಥ ವೇಷಗಳನ್ನೇ ಧರಿಸಿದವರನ್ನು ಪಾತ್ರನಟರೆಂದು ಕರೆಯೋಣ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ಕ್ಲಾಡ್ ರೇನ್ಸ್ ಆ ಪಂಗಡದವನು. ರೇಡಿಯೋ ಭಾಷಣಕ್ಕೆ ಈತನನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಮುಖವನ್ನು ತೋರದೆ ಬರಿಯ ದನಿಯಿಂದಲೇ ಈತನು ಚಿತ್ರಪ್ರಪಂಚವನ್ನು ಗೆದ್ದನು. ಕೇಳುವವರಿಗೆ ಕಾಣದೆ ಮಾತನಾಡುವುದರ ಕಷ್ಟವನ್ನು, ಈ ಯಂತ್ರದ ಮುಂದೆ ಕುಳಿತಿರುವ ನಾವೂ ತಕ್ಕಮಟ್ಟಿಗೆ ಬಲ್ಲೆವು.

ರೇನ್ಸ್ ಹುಟ್ಟಿದ್ದು 1889ನೆಯ ನವೆಂಬರ್ 10ರಂದು, ಲಂಡನ್ನಿನ ಕ್ಯಾಂಬರ್ವೆಲ್ ಎಂಬ ಬಡವರ ಕೇರಿಯಲ್ಲಿ. ತಂದೆಯೂ ನಟನೇ; ಆದರೆ ಆ ವೃತ್ತಿಯಿಂದ ಸಂಸಾರ ಸಾಗುತ್ತಿರಲಿಲ್ಲ. ಹನ್ನೆರಡು ಮಕ್ಕಳಲ್ಲಿ ಬದುಕಿ ಉಳಿದವರು ಮೂವರೇ ಎಂದು ಹೇಳುತ್ತಾರೆ. ಉಳಿದ ಈ ಹುಡುಗನಿಗಾದರೂ ನಾಲಗೆ ಸರಿಯಾಗಿ ತಿರುಗುತ್ತಿರಲಿಲ್ಲ. ಉಗ್ಗು ಇತ್ತು. ಲಂಡನ್ನಿನ ಬೀದಿಯ ಒರಟು ಉಚ್ಚಾರಣೆ ಇತ್ತು. ಇವೆಲ್ಲಕ್ಕೂ ಮೇಲಾಗಿ ರಕಾರವೇ ಬರುತ್ತಿರಲಿಲ್ಲ. ರಕಾರವಿದ್ದಲ್ಲಿ ವಕಾರ ಬರುತ್ತಿತ್ತು. ತನ್ನ ಮನೆತನದ ಹೆಸರನ್ನೇ ಅವನು ‘ವೇನ್ಸ್’ ಎನ್ನುತ್ತಿದ್ದನು. ತನ್ನ ಹೆಸರನ್ನು ತಾನೇ ಸರಿಯಾಗಿ ಹೇಳಲಾರದ ಹುಡುಗನು ಮುಂದೆ ಮಾತನ್ನೇ ನಂಬಿ ಬದುಕುವನೆಂದು ಯಾರು ತಾನೇ ಎಣಿಸಿಯಾರು?

ಹತ್ತು ವರುಷದವನಾಗಿದ್ದಾಗ, 1900ರಲ್ಲಿ, ಒಂದು ನಾಟಕದ ಗುಂಪಿನಲ್ಲಿ ನಿಲ್ಲುವ ಹುಡುಗನಾಗಿ ಅವನು ರಂಗವನ್ನು ಹತ್ತಿದನು. ಅನಂತರ ಹರ್ಬರ್ಟ್ ಬೀರ್ಬೋಮ್ ಟ್ರೀ ಎಂಬ ಹೆಸರಾಂತ ನಟನ ನಾಟಕಶಾಲೆಯಲ್ಲಿ ಕೆಲಸಕ್ಕೆ ಸೇರಿದನು. ಬಣ್ಣ ಹಚ್ಚುವ ಕೆಲಸವಲ್ಲ. ನಟರ ಕೋಣೆಗಳ ಬಾಗಿಲು ತಟ್ಟಿ, ಅವರವರ ಪ್ರವೇಶದ ಹೊತ್ತಾಯಿತೆಂದು ಕೂಗುವ ಕೆಲಸ. ಅಲ್ಲಿಂದ, ಮಾತು ಮರೆತವರಿಗೆ ಪರದೆಯ ಮರೆಯಲ್ಲಿ ನಿಂತು ಹೇಳಿಕೊಡುವವನಾದನು. ಅದರಿಂದ ರಂಗದ ವ್ಯವಸ್ಥಾಪಕನ ಪದವಿಗೆ ಏರಿದನು. ಒಂದು ನಾಟಕಶಾಲೆಯ ಒಳಗುಟ್ಟನ್ನೆಲ್ಲ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ. ಹುಡುಗನಲ್ಲಿ ಏನೋ ಇದೆಯೆಂದು ಕಂಡುಕೊಂಡ ಟ್ರೀ, ನಟನಾಗಬೇಕಾದರೆ ಮೊದಲು ನಾಲಗೆಯನ್ನು ತಿದ್ದಿಕೊಳ್ಳಬೇಕೆಂದು ತಿಳಿಯಹೇಳಿ, ಉಚ್ಚಾರಣೆಯ ಪಾಠಕ್ಕೆ ತಾನೇ ಹಣ ಕೊಟ್ಟನು. ಗುರುವು ಕೊಟ್ಟದ್ದು ಹಣ. ಉಳಿದದ್ದೆಲ್ಲ ಶಿಷ್ಯನ ಸಾಧನೆ. ಒಂದೊಂದು ಅಕ್ಷರವನ್ನೂ ಗಂಟೆಗಟ್ಟಲೆ ಸಾಣೆ ಹಿಡಿದು ಆತನು ತನ್ನ ದನಿಯನ್ನು ತಾನೇ ಮಾಡಿಕೊಂಡನು. ಒಳ್ಳೆಯ ಕಂಠವೆಂದರೆ ದೇವರು ಕೊಟ್ಟದ್ದು ಎನ್ನುವುದು ನಮ್ಮ ವಾಡಿಕೆ. ರೇನ್ಸನ ವಿಷಯದಲ್ಲಿ ಆ ಮಾತು ಸಲ್ಲದು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಲಂಡನ್ ಸ್ಕಾಟಿಷ್ ಎಂಬ ದಂಡಿನಲ್ಲಿ ಆತನು ಸಾಮಾನ್ಯ ಸಿಪಾಯಿಯಾಗಿ ಸೇರಿದನು. ಮುಂದೆ ಚಿತ್ರಗಳಲ್ಲಿ ಹೆಸರಾದ ರೊನಾಲ್ಡ್ ಕೋಲ್ಮನ್, ಬೇಸಿಲ್ ರಾತ್‌ಬೋನ್, ಹರ್ಬರ್ಟ್ ಮಾರ್ಷಲ್ ಇವರೂ ಅದೇ ದಂಡಿನವರೆಂಬುದು ಒಂದು ಸೋಜಿಗ. 1916ರಲ್ಲಿ ಫ್ರಾನ್ಸಿನ ವಿಮಿ ಎಂಬಲ್ಲಿ ಶತ್ರುಗಳು ಬಿಟ್ಟ ವಿಷವಾಯುವಿನಿಂದ ಆತನ ಬಲಗಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಯಿತು, ಮತ್ತೆ ಬರಲಿಲ್ಲ. ಯುದ್ಧ ಮುಗಿದಾಗ ಆತನು ಕ್ಯಾಪ್ಟನ್. ಒಂದು ಕಣ್ಣಿನಿಂದಲೇ ಕ್ಯಾಮೆರಾವನ್ನು ಎದುರಿಸಿದನೆಂಬುದು ಆತನ ಚಿತ್ರಗಳನ್ನು ನೋಡಿದವರಲ್ಲಿ ಅನೇಕರಿಗೆ ತಿಳಿಯದು.

ಯುದ್ಧದ ತರುವಾಯ ಆತನು ಲಂಡನ್ನಿನ ರಂಗಗಳಲ್ಲಿ ಅಭಿನಯಿಸುತ್ತ, ಟ್ರೀ ಸ್ಥಾಪಿಸಿದ್ದ ನಾಟಕ ವಿದ್ಯಾಲಯದಲ್ಲಿ ಪಾಠವನ್ನೂ ಹೇಳುತ್ತಿದ್ದನು. ಜಾನ್ ಗಿಲ್‌ಗುಡ್ ಮತ್ತು ಚಾರ್ಲ್ಸ್ ಲಾಟನ್ ಅಲ್ಲಿ ಆತನ ಶಿಷ್ಯರು. ರಕಾರ ಬಾರದವನ ಬಳಿಯಲ್ಲಿ ಇಂಗ್ಲಿಷ್ ರಂಗದ ಅತಿ ಸೊಗಸಾದ ಕಂಠವೊಂದು ಪಾಠ ಹೇಳಿಸಿಕೊಂಡಿತು! 1926ರ ಸುಮಾರಿಗೆ ಆತನು ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ರಂಗವನ್ನು ಸೇರಿದನು.

ಚಿತ್ರಕ್ಕೆ ಬಂದ ಬಗೆ ವಿಚಿತ್ರವಾದುದು. ಪರೀಕ್ಷೆಗೆಂದು ತೆಗೆದ ಆತನ ಮೊದಲ ತುಣುಕು ಯಾರಿಗೂ ಹಿಡಿಸಲಿಲ್ಲ. ಆದರೆ ಅದನ್ನು ಓಡಿಸುತ್ತಿದ್ದಾಗ ಪಕ್ಕದಲ್ಲೆಲ್ಲಿಯೋ ಇದ್ದ ನಿರ್ದೇಶಕ ಜೇಮ್ಸ್ ವೇಲ್ ದನಿಯನ್ನು ಮಾತ್ರ ಕೇಳಿ, ತನಗೆ ಬೇಕಾದವನು ಸಿಕ್ಕಿದನೆಂದುಕೊಂಡನಂತೆ. ಎಚ್. ಜಿ. ವೆಲ್ಸನ ಕಾದಂಬರಿಯನ್ನು ಆಧರಿಸಿದ ‘ಅದೃಶ್ಯ ಮನುಷ್ಯ’ 1933ರಲ್ಲಿ ತೆರೆಗೆ ಬಂದಿತು. ನಮ್ಮ ಕಥೆಗಳಲ್ಲಿ ಅಂಜನ ಹಚ್ಚಿಕೊಂಡವನು ಮಾಯವಾಗುವಂತೆ, ಇಲ್ಲಿ ಒಬ್ಬ ವಿಜ್ಞಾನಿ ಮದ್ದೊಂದನ್ನು ತೆಗೆದುಕೊಂಡು ಕಣ್ಣಿಗೆ ಕಾಣದವನಾಗುತ್ತಾನೆ. ಆ ಮದ್ದು ಬುದ್ಧಿಯನ್ನೂ ಕೆಡಿಸುತ್ತದೆ. ಮೈಯೆಲ್ಲ ಕಪ್ಪು ಮಕಮಲ್ಲನ್ನು ಸುತ್ತಿ, ಅದರ ಮೇಲೆ ಬಟ್ಟೆ ತೊಡಿಸಿ, ಕಪ್ಪು ಮಕಮಲ್ಲಿನ ಹಿನ್ನೆಲೆಯಲ್ಲಿ ಚಿತ್ರ ಹಿಡಿದು, ಅದನ್ನು ಇನ್ನೊಂದು ಚಿತ್ರದೊಡನೆ ಕೂಡಿಸಿದರೆ ತಲೆಯಿಲ್ಲದ ಅಂಗಿ ನಡೆದಾಡುತ್ತದೆ. ಇದು ಕುಶಲಿಗಳ ಕೈಚಳಕ. ಆದರೆ ಆ ಅಂಗಿಗೆ ಜೀವ ಕೊಟ್ಟದ್ದು ದನಿ. ಮೊದಲು ವಿನಯ, ಆಮೇಲೆ ಸಿಡುಕು, ಆಮೇಲೆ ಲೋಕವನ್ನೇ ಆಳುವೆನೆಂಬ ಹುಚ್ಚು ನಗೆ. ಎಲ್ಲವನ್ನೂ ಕಿವಿಯಿಂದಲೇ ತಿಳಿಯಬೇಕು. ಮುಖ ಕಾಣುವುದು ಕಡೆಯಲ್ಲಿ, ಮರಣಶಯ್ಯೆಯ ಮೇಲೆ, ಕೆಲವೇ ನಿಮಿಷಾರ್ಧ. ಎಷ್ಟೋ ವರ್ಷಗಳ ಮೇಲೆ ಚಳಿಗಾಲದ ಒಂದು ದಿನ ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು, ಮಗಳಿಗೆ ಈ ಚಿತ್ರವನ್ನು ತೋರಿಸಲು ಆತನು ಹೋದನಂತೆ. ಟಿಕೆಟು ಕೇಳಿದೊಡನೆ, ಮಾರುವವನು ದನಿಯನ್ನು ಗುರುತಿಸಿಬಿಟ್ಟನೆಂದು ಹೇಳುತ್ತಾರೆ.

ಇದಾದ ಮೇಲೆ ಚಿತ್ರಗಳಿಗೆ ಬರವಿರಲಿಲ್ಲ. 1938ರ ರಾಬಿನ್ ಹುಡ್ಡನ ಕಥೆಯಲ್ಲಿ ಕುಟಿಲನಾದ ರಾಜಕುಮಾರ ಜಾನ್. ಮರುವರ್ಷ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ ಚಿತ್ರದಲ್ಲಿ, ಒಮ್ಮೆ ಸತ್ಯವಂತನಾಗಿದ್ದು ಆಮೇಲೆ ಹಣವಂತರಿಗೆ ತನ್ನನ್ನು ಮಾರಿಕೊಂಡ ಸೆನೆಟರ್. 1942ರ ‘ಕಾಸಾಬ್ಲಾಂಕಾ’ದಲ್ಲಿ ಲಂಚಗುಳಿ ಪೊಲೀಸು ಅಧಿಕಾರಿ. ಜೂಜು ನಡೆಯುತ್ತಿದೆಯೆಂದು ಗದರಿ ಹೋಟೆಲನ್ನು ಮುಚ್ಚಿಸುತ್ತಿರುವಾಗಲೇ, ಜೂಜಿನಲ್ಲಿ ತಾನು ಗೆದ್ದ ಹಣವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ನಾಚಿಕೆಯ ಸುಳಿವೂ ಇಲ್ಲ. ಕೊನೆಗೆ ವಿಷಿ ಎಂಬ ಚೀಟಿಯಿದ್ದ ನೀರಿನ ಸೀಸೆಯನ್ನು ಕಸದ ಬುಟ್ಟಿಗೆ ಹಾಕಿ ಒದೆಯುತ್ತಾನೆ. ಜರ್ಮನರಿಗೆ ಶರಣಾದ ಫ್ರೆಂಚ್ ಸರ್ಕಾರದ ಠಾಣ್ಯ ವಿಷಿಯಲ್ಲಿತ್ತೆಂಬುದನ್ನು ನೆನೆದರೆ, ಒಂದು ಭಾಷಣಕ್ಕೆ ಸಮನಾದ ಒದೆತ ಅದು.

ಆದರೆ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಮೇಲಾಗಿ ತೋರುವುದು 1946ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ತೆಗೆದ ‘ನಟೋರಿಯಸ್.’ ರೇನ್ಸ್ ಇಲ್ಲಿ ಬ್ರೆಜಿಲಿನಲ್ಲಿ ಅಡಗಿರುವ ನಾಟ್ಸಿ. ಇಂಗ್ರಿಡ್ ಬರ್ಗ್‌ಮನ್ ಗೂಢಚಾರಿಣಿಯಾಗಿ ಬಂದು ಅವನನ್ನು ಮದುವೆಯಾಗುತ್ತಾಳೆ. ಆಕೆ ಆತನಿಗಿಂತ ಎತ್ತರ. ಇಬ್ಬರೂ ಜೊತೆಯಾಗಿ ನಡೆಯುವಾಗ ಆತನ ಕಾಲ ಕೆಳಗೆ ಏರುಹಲಗೆಯನ್ನು ಹಾಸುತ್ತಿದ್ದರು. ಹೆಂಡತಿಯ ಮೋಸ ತಿಳಿದಾಗ ಅವನು ತಾಯಿಯೊಡನೆ ಸೇರಿ ಅವಳಿಗೆ ಕಾಫಿಯಲ್ಲಿ ದಿನದಿನವೂ ವಿಷ ಹಾಕುತ್ತಾನೆ. ಇಂಥವನ ಮೇಲೆ ನಮಗೆ ಕನಿಕರ ಏಕೆ ಹುಟ್ಟಬೇಕು? ಹುಟ್ಟುತ್ತದೆ. ನಾಯಕನು ತನ್ನ ಪ್ರೀತಿಯನ್ನು ಮುಚ್ಚಿಟ್ಟುಕೊಂಡು ಬಿಗಿಯಾಗಿರುವಾಗ, ಅವಳನ್ನು ಮನಬಿಚ್ಚಿ ಪ್ರೀತಿಸಿದವನು ಈ ದುಷ್ಟನೇ. ಕಡೆಯಲ್ಲಿ ನಾಯಕನು ಅವಳನ್ನು ಕಾರಿನಲ್ಲಿ ಕರೆದೊಯ್ಯುತ್ತಾನೆ. ಇವನಿಗೆ ಕಾರಿನ ಬಾಗಿಲು ತೆರೆಯುವುದಿಲ್ಲ. ಹಿಂದಿನಿಂದ ಸಂಗಡಿಗರು ಕರೆಯುತ್ತಾರೆ. ಸಾವು ಕಾದಿದೆಯೆಂದು ಅರಿತೇ ಅವನು ಮೆಟ್ಟಿಲೇರಿ ಮನೆಯೊಳಕ್ಕೆ ನಡೆಯುತ್ತಾನೆ. ಆ ಬೆನ್ನು ಮಾಡುವ ಅಭಿನಯವನ್ನು ಎಷ್ಟೋ ನಾಯಕರ ಮುಖಗಳು ಮಾಡಲಾರವು.

ಆಸ್ಕರ್ ಬಹುಮಾನಕ್ಕೆ ಆತನ ಹೆಸರು ನಾಲ್ಕು ಸಲ ಸೂಚಿತವಾಯಿತು. ನಾಲ್ಕು ಸಲವೂ ಬೇರೊಬ್ಬರ ಪಾಲಾಯಿತು. ರಂಗಭೂಮಿ ಮಾತ್ರ ಮರೆಯಲಿಲ್ಲ. 1951ರಲ್ಲಿ ‘ಡಾರ್ಕ್‌ನೆಸ್ ಅಟ್ ನೂನ್’ ನಾಟಕದ ರುಬಾಷೊವ್ ಎಂಬ ಸೆರೆಯಾಳಿನ ಪಾತ್ರಕ್ಕೆ ಟೋನಿ ಪ್ರಶಸ್ತಿ ಬಂದಿತು. 1939ರಲ್ಲಿಯೇ ಅಮೆರಿಕದ ಪ್ರಜೆಯಾಗಿದ್ದ ಆತನು ಪೆನ್ಸಿಲ್ವೇನಿಯದಲ್ಲಿ ಮುನ್ನೂರಕ್ಕೂ ಹೆಚ್ಚು ಎಕರೆ ಹೊಲವನ್ನು ಕೊಂಡು, ಬಿಡುವಾದಾಗಲೆಲ್ಲ ಅಲ್ಲಿಗೆ ಓಡುತ್ತಿದ್ದನು. ಆರು ಸಲ ಮದುವೆಯಾದನು. ಆ ವಿಚಾರವನ್ನು ಇಲ್ಲಿ ಬೆಳೆಸುವುದು ಬೇಡ.

1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಎಲ್ಲವನ್ನೂ ಬಲ್ಲ, ಏನನ್ನೂ ಬಿಟ್ಟುಕೊಡದ ರಾಜತಂತ್ರಜ್ಞನಾಗಿ ಆತನನ್ನು ಕಾಣಬಹುದು. ಕಡೆಯ ಚಿತ್ರ 1965ರಲ್ಲಿ ಬಂದ ಯೇಸುಚರಿತ್ರೆ. ಅದರಲ್ಲಿ ಆತನು ಮುದಿ ಅರಸು ಹೆರೋದ. 1967ನೆಯ ಮೇ 30ರಂದು, ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಲಕೋನಿಯಾ ಎಂಬ ಊರಿನಲ್ಲಿ, 77ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು.