ಕ್ಲಾರಿನೆಟ್ಟಿನಲ್ಲಿ ಬಾಲು

ಮಕ್ತಲ್‌ನಲ್ಲಿ ಈ ವಾರ ಗಣಪತಿ ಕಳಿಸುವ ಮೆರವಣಿಗೆ. ಡಿಜೆ ಹೇರಿದ ಟ್ರ್ಯಾಕ್ಟರುಗಳೆಲ್ಲ ಎದೆ ನಡುಗಿಸಿ ಹೋದ ಮೇಲೆ, ಕೊನೆಗೊಂದು ಸಣ್ಣ ಗಣಪತಿ ಬಂತು. ಅದರ ಮುಂದೆ ನಾರಾಯಣಪೇಟೆಯ ಬ್ಯಾಂಡ್ ಬಾಜಾ. ಕ್ಲಾರಿನೆಟ್ ಹಿಡಿದ ಹಿರಿಯರು ಒಂದರ ಹಿಂದೊಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡುಗಳನ್ನೇ ಊದುತ್ತಿದ್ದರು. ಬಾಲು ಹೋದದ್ದು 2020ರ ಸೆಪ್ಟೆಂಬರ್ 25ಕ್ಕೆ. ಆ ತಿಂಗಳು ಬಂತೆಂದರೆ ಇವರು ಬೇರೆಯವರ ಹಾಡು ಮುಟ್ಟುವುದಿಲ್ಲವಂತೆ.

'ಗೀತಾ' ಚಿತ್ರದ ಒಂದು ಜೋಡಿಹಾಡು ಶುರುವಾಯಿತು. 1981ರದು, ಇಳಯರಾಜರ ರಾಗ. ಬಾಲು, ಜಾನಕಿ ಇಬ್ಬರ ಪಾಲನ್ನೂ ಒಂದೇ ಕ್ಲಾರಿನೆಟ್ ಹೊರಬೇಕು. ಕಟ್ಟೆಯ ಮೇಲೆ ಕೂತ ನಮ್ಮ ಅತ್ತೆ ಕನ್ನಡದ ಮಾತು ಹಚ್ಚಿ ಗುನುಗಿದರು. ಪಕ್ಕದಲ್ಲಿದ್ದವರು ಕೃಷ್ಣೆಯ ಆಚೆ ದಡದ ಗದ್ವಾಲದ ಬೀಗರು, ತೆಲುಗಿನವರು. ಅವರದು ಬರೀ ರಾಗ. ಆದರೆ ತಲೆದೂಗಿದ್ದು ಇಬ್ಬರೂ ಒಂದೇ ಕಡೆ.

ಸಾಲು ನಿಂತಾಗ ಹೋಗಿ ಕ್ಲಾರಿನೆಟ್ಟಿನ ಹಿರಿಯರನ್ನು ಕೇಳಿದೆ, "ಇದು ಕನ್ನಡ ಹಾಡ್ರಿ, ಗೊತ್ತೇನು?"

"ಭಾಷಿ ಗೊತ್ತಿಲ್ಲ ಸಾರ್. ಬಾಲುಗಾರಿದು."

ಅದೂ ಸರಿಯೇ. ತೆಲುಗಿನಲ್ಲಿ ಬಾಲು ಮೊದಲ ಹಾಡು ಹಾಡಿದ್ದು 1966ರ ಡಿಸೆಂಬರಿನಲ್ಲಿ. ಕೆಲವೇ ದಿನಗಳಲ್ಲಿ ಕನ್ನಡದ್ದೂ ಹಾಡಿದರು ಅಂತಾರೆ, 'ನಕ್ಕರೆ ಅದೇ ಸ್ವರ್ಗ'ಕ್ಕೆ. ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಮೂರು ತೆಲುಗಿಗೆ ಬಂದವು, ಒಂದು ನಮ್ಮ ಗದುಗಿನ ಪಂಚಾಕ್ಷರಿ ಗವಾಯಿಗಳ ಚಿತ್ರಕ್ಕೆ. ನಮ್ಮ ಈ ಗಡಿಯೂರುಗಳಲ್ಲಿ ಅವರನ್ನು ಪಾಲು ಹಾಕಿಕೊಳ್ಳಲು ಯಾರೂ ಹೋಗಿಲ್ಲ.

ಹಿಂದೆಯೂ ಹಾಡುಗಾರರ ನೆನಪಿಗೆಂದು ಹೀಗೆ ಮಾತಿಲ್ಲದೆ ಗಿಟಾರು, ಸ್ಯಾಕ್ಸೋಫೋನುಗಳಲ್ಲಿ ನುಡಿಸಿದ ಕ್ಯಾಸೆಟ್ಟುಗಳು ಬರುತ್ತಿದ್ದವು. ರೇಡಿಯೊದಲ್ಲೂ ಭಾಷಣ ಮುಗಿದು ವಾರ್ತೆಗೆ ಎರಡು ನಿಮಿಷ ಉಳಿದರೆ ಅಂಥದ್ದೇ ಒಂದು ತುಣುಕು ತೇಲಿಬರುತ್ತಿತ್ತು. ನುಣುಪಾಗಿರುತ್ತಿದ್ದವು, ಇಲ್ಲವೆನ್ನಲಾರೆ. ಆದರೆ ನನಗೆ ಅವು ಮನೆಯವರು ಊರಿಗೆ ಹೋದ ಮೇಲೆ ಗುಡಿಸಿಟ್ಟ ಅಂಗಳದ ಹಾಗೆ ಕೇಳುತ್ತಿದ್ದವು.

ಈ ಹಿರಿಯರದು ಹಾಗಲ್ಲ. ಶ್ರುತಿ ಅಲ್ಲಲ್ಲಿ ಜಾರುತ್ತಿತ್ತು, ಉಸಿರೂ ಸಾಲುತ್ತಿರಲಿಲ್ಲ. ಮುಂದಿನ ಹಾಡಿನಲ್ಲಿ ಬಾಲು ನಡುವೆ ನಗುವ ಒಂದು ಜಾಗ ಬರುತ್ತದೆ. ಅವರು ಹಾಡಿನೊಳಗೇ ನಗುತ್ತಿದ್ದರಲ್ಲ, ಆ ನಗು. ಅದನ್ನು ಕ್ಲಾರಿನೆಟ್ಟಿನಲ್ಲಿ ಹೇಗೆ ಊದುತ್ತಾರೋ ನೋಡೋಣವೆಂದು ಕಿವಿಗೊಟ್ಟು ನಿಂತೆ.

ಆ ಜಾಗ ಬಂದಾಗ ಹಿರಿಯರು ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದರು. ತಾವೇ ನಕ್ಕರು. ಡೋಲಿನ ಹುಡುಗ ತಾಳ ತಪ್ಪಲಿಲ್ಲ. ಮತ್ತೆ ತುಟಿಗಿಟ್ಟುಕೊಂಡು ಕೆರೆಯ ದಾರಿ ಹಿಡಿದರು.