ಯಂತ್ರಗಳ ನಂಬುಗೆಯ ಲೆಕ್ಕ

ಬೆಳಗಿನ ಕಾಫಿಯನ್ನು ಮುಂದಿಟ್ಟುಕೊಂಡು ರೇಡಿಯೋ ಹಾಕುವವರು ನೀವು. ಆ ಕಾಫಿಯ ಹಾಲು ಎಷ್ಟು ಯಂತ್ರಗಳನ್ನು ದಾಟಿ ಬಂತೆಂದು ಎಂದಾದರೂ ಯೋಚಿಸಿದ್ದೀರಾ?

ಗುಬ್ಬಿ, ಕುಣಿಗಲ್ ಸೀಮೆಯ ರೈತರು ಹಳ್ಳಿಯ ಸಹಕಾರ ಸಂಘಕ್ಕೆ ಅಳೆದ ಹಾಲು, ತುಮಕೂರಿಗೂ ಗುಬ್ಬಿಗೂ ನಡುವಣ ಮಲ್ಲಸಂದ್ರದ ಡೈರಿಯತ್ತ ಸಾಗುತ್ತದೆ. ಡೈರಿ ಯಾವುದೇ ಆಗಲಿ, ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಅದೇ ಶಾಖದಲ್ಲಿ ಹಿಡಿದು, ಕೂಡಲೇ 4 ಡಿಗ್ರಿಯ ಆಸುಪಾಸಿಗೆ ತಣಿಸಿ, ಪೊಟ್ಟಣ ಕಟ್ಟುವುದು ಸಾಮಾನ್ಯ ಕ್ರಮ.

ಬಾವಿಯಿಂದ ನೀರು ಸೇದಲು ರಾಟೆ, ಹಗ್ಗ, ಕೊಡ ಮೂರೂ ನೆಟ್ಟಗಿರಬೇಕಷ್ಟೆ. ಇಲ್ಲಿಯೂ ಅದೇ ನ್ಯಾಯ. ಒಂದರ ಹಿಂದೊಂದರಂತೆ 5 ಯಂತ್ರಗಳಿವೆಯೆನ್ನೋಣ. ಪ್ರತಿಯೊಂದೂ ಒಂದು ಪಾಳಿಯನ್ನು ಕೆಡದೆ ಮುಗಿಸುವ ಸಂಭವ ನೂರಕ್ಕೆ 95. ಇಡೀ ಸಾಲಿಗೂ 95 ಎಂದು ನಮಗೆ ತೋರುತ್ತದೆ. ಆದರೆ ಸಂಭವಗಳನ್ನು ಗುಣಿಸಬೇಕು. ಉಳಿಯುವುದು ಬರಿಯ 77. ನಾಲ್ಕೈದು ಪಾಳಿಗೊಮ್ಮೆ ಎಲ್ಲೋ ಒಂದು ತಡೆ!

ಇದಕ್ಕೆ ಉಪಾಯವುಂಟು. ನೂರಕ್ಕೆ 90ರಷ್ಟು ನಂಬಬಹುದಾದ ಪಂಪಿನ ಮಗ್ಗುಲಲ್ಲಿ ಅಂಥದೇ ಇನ್ನೊಂದನ್ನು ಇಟ್ಟರೆ, ಎರಡರಲ್ಲೊಂದಾದರೂ ನಡೆಯುವ ಸಂಭವ 99. ಆದರೆ ಎರಡಕ್ಕೂ ವಿದ್ಯುತ್ತಿನ ತಂತಿ ಒಂದೇ ಆದರೆ? ಕರೆಂಟು ಹೋದೊಡನೆ ಎರಡೂ ನಿಲ್ಲುತ್ತವೆ. ಜೋಡಿ ಇಟ್ಟ ಮಾತ್ರಕ್ಕೆ ಲೆಕ್ಕ ಮುಗಿಯಲಿಲ್ಲ.

ಮೊದಲು ಯಾವ ಯಂತ್ರಕ್ಕೆ ಹಣ ಹಾಕಬೇಕು? ಪೊಟ್ಟಣ ಕಟ್ಟುವ ಯಂತ್ರ ದಿನಕ್ಕೆ 20 ಸಲ ಮೂರು ಮೂರು ನಿಮಿಷ ನಿಂತೀತು. ಎಲ್ಲರೂ ಅದನ್ನೇ ಬೈಯುತ್ತಾರೆ. ಆಗ ಹಾಲು ತಣ್ಣನೆಯ ತೊಟ್ಟಿಯಲ್ಲಿ ಕ್ಷೇಮವಾಗಿರುತ್ತದೆ. ತಂಪುಮಾಡುವ ಯಂತ್ರ ವರ್ಷಕ್ಕೊಮ್ಮೆ 5 ಗಂಟೆ ನಿಂತರೆ, ತೊಟ್ಟಿಯ ಹಾಲಿಗೇ ಗಂಡಾಂತರ. ಆದ್ದರಿಂದ ಎಷ್ಟು ಸಲ, ಎಷ್ಟು ಹೊತ್ತು, ಅದರಿಂದ ಏನಾಯಿತು, ಈ ಮೂರನ್ನೂ ದಿನಚರಿ ಪುಸ್ತಕದಲ್ಲಿ ಬರೆದಿಡಬೇಕು. ಬರೆಯದ ತಡೆಗೆ ಮದ್ದಿಲ್ಲ.

ನಿಂತ ಯಂತ್ರವಾದರೂ ಕಣ್ಣಿಗೆ ಬೀಳುತ್ತದೆ. 68 ಡಿಗ್ರಿಯನ್ನು 72 ಎಂದು ತೋರಿಸುವ ಉಷ್ಣಮಾಪಕ ಸದ್ದಿಲ್ಲದೆ ಕೆಟ್ಟಿರುತ್ತದೆ. ಸಾಕಷ್ಟು ಕಾಯದ ಹಾಲನ್ನು ಹಿಂದಕ್ಕೆ ತಿರುಗಿಸುವ ಕವಾಟವೂ ಆಗ ಮೋಸಹೋಗುತ್ತದೆ. ಮಾಪಕವನ್ನು ಕಾಲಕಾಲಕ್ಕೆ ಒರೆಹಚ್ಚಿ ನೋಡುವುದೊಂದೇ ದಾರಿ.

2014ರಲ್ಲಿ ತುಮಕೂರಿನ ವಸಂತನರಸಾಪುರದಲ್ಲಿ ಆಹಾರ ಉದ್ಯಾನವೂ ಆರಂಭವಾಯಿತು. ಅಲ್ಲಿಗೂ ಸಲ್ಲುವ ಲೆಕ್ಕವಿದು. ಒಲೆಯ ಮೇಲೆ ಕಾಯುವ ಹಾಲು ರಿಪೇರಿಗಾಗಿ ಕಾಯುವುದಿಲ್ಲ, ಹಸುವಿಗೂ ರಜೆಯಿಲ್ಲ. ಹೊತ್ತಿಗೆ ಮುಂಚೆ ಎದ್ದು ಹಿಂಡಿದವರ ದುಡಿಮೆ ವ್ಯರ್ಥವಾಗದಿರಲು, ಯಂತ್ರ ಕೆಡುವ ಮುನ್ನವೇ ಈ ಲೆಕ್ಕ ಹಾಕಿರಬೇಕು.